ಲೊಕೇಶನ್ ಹಂಚುವ ಮುನ್ನ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಲೈವ್ ಲೊಕೇಶನ್ (ನಾವು ಈಗ ಎಲ್ಲಿದ್ದೇವೆ ಅಂತ ಆಗಾಗ ಬದಲಾಗುತ್ತಾ ತೋರಿಸುವುದು) ಹಾಕುವುದು ಈಚೆಗೆ ಜಾಸ್ತಿಯಾಗಿದೆ. ಯಾರನ್ನಾದರೂ ಭೇಟಿಯಾಗಬೇಕಿದ್ದರೆ ಅವರೊಬ್ಬರಿಗೇ ಕಳಿಸಿ. ವಾಟ್ಸಾಪ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಆಯ್ಕೆಗಳಿವೆ. 15 ನಿಮಿಷವೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ತಲುಪಿದ ಮೇಲೆ ನಿಲ್ಲಿಸಿಬಿಡಿ.

ಹೆಸರೇ ಇಲ್ಲದ ಲೊಕೇಶನ್ ಮಾಹಿತಿಯಿಂದ ಏನಾಗುತ್ತದೆ ಅಂತ ಕೆಲವರು ಕೇಳಿದ್ದೀರಿ. ರಾತ್ರಿಯೆಲ್ಲ ಫೋನ್ ಎಲ್ಲಿರುತ್ತದೋ ಅದೇ ಮನೆ, ಅಲ್ವಾ? 2018ರಲ್ಲಿ, ಓಟ, ಸೈಕಲ್ ಸವಾರಿಯ ದಾರಿಯನ್ನು ದಾಖಲಿಸುವ ಸ್ಟ್ರಾವಾ ಆ್ಯಪ್‌ನ ನಕ್ಷೆಯಿಂದ ಸೇನಾ ನೆಲೆಗಳ ಒಳಗಿನ ಓಟದ ದಾರಿಗಳೇ ಬಯಲಾದವು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಎಷ್ಟು ದೂರದಲ್ಲಿದ್ದೀರಿ ಅಂತ ಮಾತ್ರ ತೋರಿಸುವ ಆ್ಯಪ್‌ಗಳನ್ನೂ ಸುಮ್ನೆ ನಂಬಬೇಡಿ. ಮೂರು ಬೇರೆ ಬೇರೆ ಜಾಗಗಳಿಂದ ಆ ದೂರ ನೋಡಿದರೆ, ನೀವಿರುವ ಜಾಗವನ್ನು ಲೆಕ್ಕಹಾಕಿ ಹಿಡಿಯಬಹುದು.

ಇವತ್ತೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅನುಮತಿ ನೋಡಿ. 'ಆ್ಯಪ್ ಬಳಸುವಾಗ ಮಾತ್ರ' ಅಂತಿರಲಿ. ಆಂಡ್ರಾಯ್ಡ್ 12, ಐಫೋನಿನ ಐಒಎಸ್ 14ರಿಂದ ಈಚೆಗೆ ಅಂದಾಜು ಜಾಗವನ್ನಷ್ಟೇ ಕೊಡಬಹುದು. ಹವಾಮಾನದ ಆ್ಯಪ್‌ಗೆ ಅಷ್ಟು ಸಾಕು. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದನ್ನು ತೆಗೆದ ಜಾಗದ ವಿವರವೂ ಜೊತೆಗೆ ಹೋಗಬಹುದು. ಮಕ್ಕಳ ಫೋಟೋಗಳನ್ನಂತೂ ಹಾಗೆ ಕಳಿಸಬೇಡಿ. ಸೆಟ್ಟಿಂಗ್ ಸಿಗದಿದ್ದರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೆ ನೋಡೋಣ.