ಇಯರ್‌ಫೋನ್ ಬಾಕ್ಸಿನಲ್ಲಿ ದೊಡ್ಡ ಟಿಪ್ ಇಲ್ಲದಿರುವ ಬಗ್ಗೆ ದೂರು

ಇಂದ:
ನಿಮ್ಮ ಗ್ರಾಹಕ,
ವಿದ್ಯಾನಗರ, ದಾವಣಗೆರೆ
(ಹೆಸರು, ಫೋನ್ ನಂಬರ್ ಬಿಲ್ಲಿನ ಪ್ರತಿಯಲ್ಲಿವೆ)

ಇವರಿಗೆ:
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹೊರಗಿನ ಸದ್ದು ತಡೆಯುತ್ತದೆ ಎಂದು ಮಾರಿದ ಇಯರ್‌ಫೋನ್ ಜೊತೆ ದೊಡ್ಡ ಅಳತೆಯ ಟಿಪ್ (ಕಿವಿಯೊಳಗೆ ಕೂರುವ ರಬ್ಬರ್ ತುದಿ) ಕೊಡದಿರುವುದು ಮತ್ತು ನಿಮ್ಮ ಸಿಬ್ಬಂದಿ ಕೊಟ್ಟ ತಪ್ಪು ಸಲಹೆ.

ಮಾನ್ಯರೇ,

ಕಳೆದ ತಿಂಗಳು ಇಲ್ಲಿನ ಅಂಗಡಿಯಲ್ಲಿ 2,499 ರೂಪಾಯಿ ಕೊಟ್ಟು ನಿಮ್ಮ ವೈರಿನ ಇನ್-ಇಯರ್ ಇಯರ್‌ಫೋನ್ ತಗೊಂಡೆ. ಬಾಕ್ಸಿನ ಮೇಲೆ ಸಣ್ಣ, ಮಧ್ಯಮ, ದೊಡ್ಡ ಹೀಗೆ ಮೂರು ಅಳತೆಯ ಸಿಲಿಕೋನ್ ಟಿಪ್ ಇವೆ ಎಂದು ಚಿತ್ರದ ಸಮೇತ ಹಾಕಿದ್ದೀರಿ. ಬಿಚ್ಚಿ ನೋಡಿದರೆ ಮಧ್ಯಮದ್ದು ಒಂದು ಜೊತೆ, ಸಣ್ಣದು ಎರಡು ಜೊತೆ. ದೊಡ್ಡದು ಇಲ್ಲವೇ ಇಲ್ಲ. ಎರಡನೇ ಜೊತೆ ದೊಡ್ಡದಿರಬಹುದು ಎಂದು ಕಿಟಕಿ ಹತ್ತಿರ ಹಿಡಿದು, ಒಂದರ ಮೇಲೊಂದು ಇಟ್ಟು ನೋಡಿದೆ. ಎರಡೂ ಒಂದೇ ಅಳತೆ.

ಬೆರಳ ತುದಿಯಷ್ಟು ರಬ್ಬರಿಗೆ ಇಷ್ಟು ದೊಡ್ಡ ಪತ್ರವಾ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಥರದ ಇಯರ್‌ಫೋನಿನಲ್ಲಿ ಹೊರಗಿನ ಸದ್ದು ತಡೆಯುವ ಯಂತ್ರ ಬೇರೆ ಏನೂ ಇರುವುದಿಲ್ಲ. ಆ ರಬ್ಬರ್ ಕಿವಿಯ ದಾರಿಯನ್ನು ಸುತ್ತಲೂ ಬಿಗಿಯಾಗಿ ಮುಚ್ಚಿದರೆ ಸದ್ದು ಬಹಳಷ್ಟು ತಗ್ಗುತ್ತದೆ. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಸದ್ದು ಒಳಗೆ ಬರುತ್ತದೆ. ನಾನು ದುಡ್ಡು ಕೊಟ್ಟಿದ್ದು ಆ ತಡೆಗೆ.

ನನ್ನ ಕೆಲಸ ಚಿತ್ರದುರ್ಗದಲ್ಲಿ, ಮನೆ ದಾವಣಗೆರೆಯಲ್ಲಿ. ಆರು ವರ್ಷದಿಂದ ದಿನಾ ಬಸ್ಸಿನಲ್ಲೇ ಓಡಾಟ. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಹೋಗಿ ಬರಲು ಮೂರು ಗಂಟೆ ಬೇಕು. ಇಂಜಿನ್ನಿನ ಗುರ್ ಸದ್ದು, ಕಿಟಕಿ ಗಾಜು ಅದುರೋದು, ಹೈವೇಯಲ್ಲಿ ಪಕ್ಕದ ಲಾರಿಯ ಹಾರ್ನ್, ಭರಮಸಾಗರದಲ್ಲಿ ಹತ್ತುವವರ ಮಾತು, ಇದೆಲ್ಲದರ ಮಧ್ಯೆ ನಾನು ಹಾಡು ಕೇಳುತ್ತೇನೆ. ಮೊದಲು ಫೋನಿನ ಜೊತೆ ಬಂದ ಇಯರ್‌ಫೋನ್ ಇತ್ತು. ಅದು ಕಿವಿಯ ಬಾಯಲ್ಲಿ ಸುಮ್ನೆ ಕೂರುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಇಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಕೊನೆಯವರೆಗೂ ಏರಿಸಬೇಕಿತ್ತು. ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಗುಂಯ್ ಅನ್ನೋಕೆ ಶುರುವಾಯ್ತು. ಆಗ ಹೆದರಿದೆ.

ಹೆದರಲು ಕಾರಣ ಇದೆ. ನಮ್ಮ ಊರು ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಿದ್ದರು. ನಮ್ಮಪ್ಪ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದರು. ಕಿವಿಗೆ ಹತ್ತಿಯ ಉಂಡೆ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ರಿಟೈರ್ ಆಗುವ ಹೊತ್ತಿಗೆ ಅವರಿಗೆ ಅಡುಗೆಮನೆಯಿಂದ ಅಮ್ಮ ಕರೆದದ್ದು ಕೇಳುತ್ತಿರಲಿಲ್ಲ. ಮೊಮ್ಮಗಳು ಏನಾದರೂ ಹೇಳಿದರೆ ತುಟಿ ನೋಡಿ ತಲೆ ಆಡಿಸುತ್ತಿದ್ದರು. ಸದ್ದು ಗ್ರಹಿಸುವ, ಕಿವಿಯೊಳಗಿನ ಸಣ್ಣ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಹೊಟ್ಟೆಪಾಡಿಗಾಗಿ ಅಪ್ಪನ ಕಿವಿ ಹೋಯಿತು. ನಾನು ಹಾಡು ಕೇಳೋಕೆ ಹೋಗಿ ಕಿವಿ ಕಳಕೊಳ್ಳಬಾರದು.

ಅದಕ್ಕೇ ಈ ಸಲ ವಿಚಾರಿಸಿ ತಗೊಂಡೆ. ಬ್ಯಾಟರಿಯಿಂದ ಸದ್ದು ಅಳಿಸುವ ವೈರ್‌ಲೆಸ್ ಬಡ್ಸ್‌ಗಳನ್ನೂ ನೋಡಿದೆ. ಇಂಜಿನ್ನಿನ ಥರ ಒಂದೇ ಸಮನೆ ಬರುವ ಗುರ್ ಸದ್ದಿಗೆ ಅವು ಒಳ್ಳೆಯವೇ. ತಟ್ಟಂತ ಬರುವ ಹಾರ್ನಿಗೆ, ಪಕ್ಕದವರ ಮಾತಿಗೆ ಅಷ್ಟು ಸಾಲದು, ದಿನಾ ಚಾರ್ಜ್ ಮಾಡೋದೂ ಒಂದು ಕೆಲಸ. ಕಿವಿಯೊಳಗೆ ಬಿಗಿಯಾಗಿ ಕೂರುವ ವೈರಿನ ಇಯರ್‌ಫೋನಿಗೆ ಆ ತಾಪತ್ರಯ ಇಲ್ಲ. ಹೊರಗಿನ ಸದ್ದು ತಗ್ಗಿದರೆ ಒಳಗಿನ ವಾಲ್ಯೂಮನ್ನೂ ತಗ್ಗಿಸಬಹುದು. ನನಗೆ ಬೇಕಾಗಿದ್ದು ಅಷ್ಟೇ.

ಈಗ ನಿಮ್ಮ ಇಯರ್‌ಫೋನ್ ವಿಷಯಕ್ಕೆ ಬರುತ್ತೇನೆ. ಮಧ್ಯಮ ಟಿಪ್ ನನ್ನ ಬಲಗಿವಿಗೆ ಸರಿಯಾಗಿ ಕೂರುತ್ತದೆ. ಎಡಗಿವಿಗೆ ಸಡಿಲ. ಎರಡು ಕಿವಿ ಒಂದೇ ಅಳತೆ ಇರಬೇಕು ಅಂತೇನಿಲ್ಲ, ಇದು ನಿಮಗೆ ಗೊತ್ತಿರುವ ವಿಷಯವೇ. ಬೆಳಗಿನ ಬಸ್ಸಿನಲ್ಲಿ ನಾನು ಜಾಸ್ತಿ ಕೇಳೋದು ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ. ಬಲಗಿವಿಯಲ್ಲಿ ತಂಬೂರಿಯ ಖರ್ಜದ, ಅಂದರೆ ತಗ್ಗಿನ ಸ್ವರದ, ತಂತಿ ತುಂಬಿಕೊಂಡು ಕೇಳುತ್ತದೆ. ಅದರ ಮೇಲೆ ಮನ್ಸೂರರ ದನಿ ನಿಲ್ಲುವುದು ಕೇಳಿದರೆ ಬಸ್ಸಿನಲ್ಲಿದ್ದೇನೆ ಅನ್ನೋದೇ ಮರೆತುಹೋಗುತ್ತದೆ. ಎಡಗಿವಿಯಲ್ಲಿ ಆ ಖರ್ಜವೇ ಇಲ್ಲ. ದನಿಯೂ ತೆಳ್ಳಗೆ, ತಗಡಿನ ಡಬ್ಬಿಯಿಂದ ಬಂದ ಹಾಗೆ. ಕಿವಿಯ ಮೇಲ್ಭಾಗವನ್ನು ಹಿಂದಕ್ಕೆ ಮೇಲಕ್ಕೆ ಎಳೆದು, ಟಿಪ್ಪನ್ನು ಒಳಗೆ ದೂಡಿ, ಬೆರಳಿಂದ ಒತ್ತಿ ಹಿಡಿದರೆ ತಂಬೂರಿ ಒಮ್ಮೆಲೇ ಬರುತ್ತದೆ. ಬೆರಳು ತೆಗೆದರೆ ಮಾಯ. ಅಂದರೆ ಇಯರ್‌ಫೋನ್ ಕೆಟ್ಟಿಲ್ಲ, ಟಿಪ್ ಸಾಲುತ್ತಿಲ್ಲ. ತಗ್ಗಿನ ಸ್ವರ ಸಂದಿಯಿಂದ ಸೋರಿಹೋಗುತ್ತಿದೆ. ಅದೇ ಸಂದಿಯಿಂದ ಇಂಜಿನ್ ಸದ್ದು ಒಳಗೆ ಬರುತ್ತಿದೆ.

ಇದನ್ನೆಲ್ಲ ನಿಮ್ಮ ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿ ಹೇಳಿದೆ. ದೊಡ್ಡ ಟಿಪ್ ಕಳಿಸಿ, ಬೇಕಾದರೆ ದುಡ್ಡು ತಗೊಳ್ಳಿ ಅಂದೆ. ಟಿಪ್ ಬಿಡಿಯಾಗಿ ಮಾರುವುದಿಲ್ಲ ಅಂದರು. ವಾಪಸ್ ತಗೊಳ್ಳಿ ಅಂದರೆ, ಕಿವಿಗೆ ಹಾಕಿದ ವಸ್ತು, ಸ್ವಚ್ಛತೆಯ ಕಾರಣಕ್ಕೆ ಆಗುವುದಿಲ್ಲ ಅಂದರು. ಕಿವಿಗೆ ಹಾಕಿ ನೋಡದೆ ಅಳತೆ ಸರಿಯೋ ಇಲ್ಲವೋ ಯಾರಿಗಾದರೂ ಹೇಗೆ ತಿಳಿಯಬೇಕು? ಮೂರನೇ ಸಲ ಮಾತಾಡಿದವರು ಹೇಳಿದ್ದು ನನಗೆ ತುಂಬಾ ನೋವು ಕೊಟ್ಟಿತು. "ಎಡಗಡೆ ಕಡಿಮೆ ಕೇಳಿದರೆ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ ಸರ್" ಅಂದರು.

ದಯವಿಟ್ಟು ಈ ಮಾತನ್ನು ನಿಮ್ಮಲ್ಲಿ ಯಾರೂ ಮತ್ತೆ ಹೇಳದಂತೆ ನೋಡಿಕೊಳ್ಳಿ. 80 ಡೆಸಿಬಲ್ ಸದ್ದಾದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಪ್ರಯಾಣ ದಿನಕ್ಕೆ ಮೂರು ಗಂಟೆ. 90ರಲ್ಲಿ ಕೇಳಿದರೆ ಸೋಮವಾರ ಮೂರು ಗಂಟೆ ಮುಗಿಯಿತು. ಮಂಗಳವಾರ ಬೆಳಿಗ್ಗೆ ಬಸ್ಸು ಚಿತ್ರದುರ್ಗ ಮುಟ್ಟುವಷ್ಟರಲ್ಲೇ ಇಡೀ ವಾರದ ಮಿತಿ ದಾಟುತ್ತದೆ. ಇನ್ನೂ ನಾಲ್ಕು ದಿನ ಉಳಿದಿರುತ್ತದೆ. ನಿಮ್ಮವರ ಸಲಹೆಯ ತೂಕ ಇಷ್ಟು.

ಟಿಪ್ ಸಿಗದೆ ನಾನು ಹೊರಗಡೆ ಬೇರೆ ಕಂಪನಿಯ ದೊಡ್ಡ ಟಿಪ್ ತಂದು ಹಾಕಿದೆ. ನಿಮ್ಮ ಇಯರ್‌ಫೋನಿನ ಮೂತಿ, ಅಂದರೆ ಟಿಪ್ ಸಿಕ್ಕಿಸುವ ಕೊಳವೆ, ಉಳಿದವುಗಳಿಗಿಂತ ಸಣ್ಣ ಅಂತ ಆಮೇಲೆ ತಿಳಿಯಿತು. ಒಂದು ಸಂಜೆ ಬಸ್ ಇಳಿಯುವಾಗ ಇಯರ್‌ಫೋನ್ ತೆಗೆದರೆ ರಬ್ಬರ್ ಕಿವಿಯಲ್ಲೇ ಉಳಿಯಿತು. ಬೆರಳು ಹಾಕಿದಷ್ಟೂ ಒಳಗೆ ಸರಿಯಿತು. ಮನೆಯಲ್ಲಿ ನಮ್ಮವರು ಚಿಮಟ ತಂದರು, ನಾನು ಬೇಡ ಅಂದೆ. ಕಿವಿ ಡಾಕ್ಟರ ಹತ್ತಿರ ಹೋಗಿ, ಒಂದು ಗಂಟೆ ಕಾದು ತೆಗೆಸಿಕೊಂಡೆ. ಚಿಮಟ ಹಾಕದಿದ್ದದ್ದು ಒಳ್ಳೇದಾಯ್ತು, ಕಿವಿಯ ತಮಟೆಗೆ ತಾಗಿದ್ದರೆ ಕಷ್ಟವಿತ್ತು ಅಂದರು. ಹೊರಗಿನ ಟಿಪ್ ತಂದದ್ದು ನಾನೇ, ಅದನ್ನು ಒಪ್ಪುತ್ತೇನೆ. ಆದರೆ ಮೂತಿಯ ಅಳತೆ ಎಷ್ಟು ಮಿಲಿಮೀಟರ್ ಅಂತ ಬಾಕ್ಸಿನ ಮೇಲೆ ಒಂದು ಸಾಲು ಇದ್ದಿದ್ದರೆ ನಾನು ಆ ಟಿಪ್ ತರುತ್ತಲೇ ಇರಲಿಲ್ಲ. ನೀವು ಹೇಳಿದ ದೊಡ್ಡ ಟಿಪ್ ಒಳಗಿದ್ದಿದ್ದರೆ ಅಂಗಡಿಗೆ ಹೋಗುವ ಮಾತೇ ಬರುತ್ತಿರಲಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ನಿಮ್ಮ ಇಯರ್‌ಫೋನಿನ ದನಿ ಚೆನ್ನಾಗಿದೆ. ಈ ಬೆಲೆಗೆ ಬಲಗಿವಿಯಲ್ಲಿ ಕೇಳುವಂಥ ತಂಬೂರಿ ನಾನು ಬೇರೆಲ್ಲೂ ಕೇಳಿಲ್ಲ. ವೈರನ್ನು ಕಿವಿಯ ಹಿಂದಿನಿಂದ ತಿರುಗಿಸಿ ಹಾಕಿದರೆ ಅಂಗಿಗೆ ಉಜ್ಜುವ ಗರಗರ ಸದ್ದೂ ಇಲ್ಲ. ವಾಪಸ್ ಕೊಡೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ಮೊದಲು ಕೇಳುವುದು ಟಿಪ್ಪನ್ನು. ದೊಡ್ಡ ಅಳತೆಯದು ಎರಡು ಜೊತೆ, ಸಾಧ್ಯವಾದರೆ ಹಿಚುಕಿ ಹಾಕುವ ಸ್ಪಂಜಿನ ಟಿಪ್ ಒಂದು ಜೊತೆ ಕಳಿಸಿ. ಸ್ಪಂಜಿನದು ಕಿವಿಯೊಳಗೆ ಹಿಗ್ಗಿ ಕೂರುವುದರಿಂದ ನನ್ನಂಥ ಕಿವಿಯವರಿಗೆ ಅನುಕೂಲ. ಬೆವರಿಗೆ ಬೇಗ ಸವೆಯುತ್ತದೆ, ಆದ್ದರಿಂದ ಬಿಡಿಯಾಗಿ ಮಾರುವ ವ್ಯವಸ್ಥೆಯನ್ನೂ ಮಾಡಿ. ಇದು ಆಗದಿದ್ದರೆ ಪೂರ್ತಿ 2,499 ರೂಪಾಯಿ ವಾಪಸ್ ಕೊಡಿ. ಡಾಕ್ಟರ ಫೀಸು ನಾನು ಕೇಳುತ್ತಿಲ್ಲ. ಬಾಕ್ಸಿನ ಮೇಲೆ ಮೂತಿಯ ಅಳತೆ ಹಾಕಿ. ವಾಲ್ಯೂಮ್ ಏರಿಸಿ ಎಂದು ಹೇಳಬಾರದೆಂದು ನಿಮ್ಮ ಸಿಬ್ಬಂದಿಗೆ ತಿಳಿಸಿ, ಹಾಗೆ ತಿಳಿಸಿದ್ದನ್ನು ನನಗೂ ಬರೆದು ಕಳಿಸಿ.

ಪತ್ರ ತಲುಪಿ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸ ಇರುವ ಊರಿನಲ್ಲೇ ದೂರು ಹಾಕಬಹುದು. ಬಾಕ್ಸಿನ ಮೇಲೆ ಬರೆದದ್ದು ಒಂದು, ಒಳಗಿದ್ದದ್ದು ಇನ್ನೊಂದು ಅನ್ನೋದಕ್ಕೆ ಫೋಟೊಗಳಿವೆ.

ಇಂತಿ,
ನಿಮ್ಮ ವಿಶ್ವಾಸಿ ಗ್ರಾಹಕ
ದಾವಣಗೆರೆ

ಲಗತ್ತು: ಬಿಲ್ಲಿನ ಪ್ರತಿ, ಬಾಕ್ಸಿನ ಮತ್ತು ಮೂರು ಜೊತೆ ಟಿಪ್‌ಗಳ ಫೋಟೊ, ಮೂರು ಕರೆಗಳ ದೂರು ಸಂಖ್ಯೆ.