ಕೋರ್ಟಿನಲ್ಲಿ ಗೊತ್ತಾಗಿದ್ದು

ಸ್ಟೋಕ್-ಆನ್-ಟ್ರೆಂಟ್, ಇಂಗ್ಲೆಂಡ್
2 ಅಕ್ಟೋಬರ್ 2016

ಪ್ರೀತಿಯ ಅಪ್ಪ, ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಕಾವೇರಿ ಗಲಾಟೆ ತಣ್ಣಗಾಯಿತಾ? ತುಮಕೂರಿಂದ ಬೆಂಗಳೂರಿಗೆ ಬಸ್ಸು ಸರಿಯಾಗಿ ಓಡ್ತಿವೆಯಾ?

ಅಮ್ಮ ಕೇಳಿದ್ದಕ್ಕೆ ಫೋನಲ್ಲಿ ನೆಟ್ಟಗೆ ಉತ್ತರ ಹೇಳೋಕಾಗಲಿಲ್ಲ. ಹೌದು, ಆಲ್ಟನ್ ಟವರ್ಸ್ ಅನ್ನೋ ಅಮ್ಯೂಸ್‌ಮೆಂಟ್ ಪಾರ್ಕಿನ ಅಪಘಾತದ ಕೇಸು ಈ ವಾರ ಸ್ಟಾಫರ್ಡ್ ಕೋರ್ಟಿನಲ್ಲಿ ತೀರ್ಮಾನವಾಯಿತು. ಪಾರ್ಕ್ ನಡೆಸುವ ಮರ್ಲಿನ್ ಕಂಪನಿಗೆ 50 ಲಕ್ಷ ಪೌಂಡ್ ದಂಡ. ನಮ್ಮ ದುಡ್ಡಲ್ಲಿ 40 ಕೋಟಿಗೂ ಜಾಸ್ತಿ.

ಹೋದ ವರ್ಷ ಜೂನ್ 2ರಂದು ನಡೆದದ್ದು. ‘ಸ್ಮೈಲರ್’ ಅಂತ ರೋಲರ್ ಕೋಸ್ಟರ್, 14 ಸಲ ತಲೆಕೆಳಗಾಗುತ್ತದೆ. 16 ಜನ ಕೂತಿದ್ದ ಗಾಡಿ ಹಳಿ ಮೇಲೆ ನಿಂತಿದ್ದ ಖಾಲಿ ಗಾಡಿಗೆ ಗುದ್ದಿತು. ಎಲ್ಲರನ್ನೂ ಕೆಳಗಿಳಿಸೋಕೆ ನಾಲ್ಕು ಗಂಟೆಗೂ ಜಾಸ್ತಿ ಹಿಡಿಯಿತು. ಇಬ್ಬರು ಯುವತಿಯರು ಒಂದೊಂದು ಕಾಲು ಕಳಕೊಂಡರು.

ಆವತ್ತು ಇಲ್ಲಿ ಯಾರ ಬಾಯಲ್ಲಿ ನೋಡಿದರೂ ಅದೇ ಮಾತು. ಟೀವಿಯಲ್ಲಿ ಹೆಲಿಕಾಪ್ಟರಿಂದ ತೆಗೆದ ಚಿತ್ರ ತಿರುಗಿ ತಿರುಗಿ ಬರ್ತಿತ್ತು. ಆಮೇಲೆ ಸ್ಕೈ ನ್ಯೂಸ್‌ನಲ್ಲಿ ಕಂಪನಿಯ ಮುಖ್ಯಸ್ಥ ನಿಕ್ ವಾರ್ನಿಯ ಸಂದರ್ಶನ ಬಂತು. ನಿರೂಪಕಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ಆತನನ್ನು ಬಿಡದೆ ಜಗ್ಗಾಡಿದರು. ಅಲ್ಲಿಗೆ ಊರಿನ ಸಿಟ್ಟೆಲ್ಲ ಆಕೆಯ ಮೇಲೆ ತಿರುಗಿತು! ಟೀವಿ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆಗೆ 1,800ಕ್ಕೂ ಹೆಚ್ಚು ದೂರು. ಆಕೆಯನ್ನು ಕೆಲಸದಿಂದ ತೆಗೀರಿ ಅನ್ನೋ ಮನವಿಗೆ 50 ಸಾವಿರಕ್ಕೂ ಜಾಸ್ತಿ ಸಹಿ. ನಮ್ಮ ಮನೆ ಓನರಮ್ಮ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಟೀವಿಗೆ ಬೈತಿದ್ದರು, “ಪಾಪ, ಆ ಮನುಷ್ಯ ಉತ್ತರ ಕೊಡ್ತಾ ಇದ್ದಾನಲ್ಲ” ಅಂತ. ಮಾತಾಡಿಸಿದ ರೀತಿ ನನಗೂ ಹಿಡಿಸಲಿಲ್ಲ. ಆದರೆ ಕಾಲು ಹೋದದ್ದು ಯಾರದು, ಜನ ಪಾಪ ಅಂತಿರೋದು ಯಾರಿಗೆ? ಕೊನೆಗೆ ಆಫ್‌ಕಾಮ್ ವಿಚಾರಣೆಯನ್ನೇ ಮಾಡಲಿಲ್ಲ.

ದೊಡ್ಡಪ್ಪ ಆಗ ಹೇಳಿದ್ದು ನೆನಪಿದೆ ಅಲ್ವಾ? “ಅಷ್ಟೆತ್ತರ ಹತ್ತೋದ್ಯಾಕೆ, ಅಳೋದ್ಯಾಕೆ.” ಅವರಿಗೆ ಇದನ್ನು ಓದಿ ಹೇಳಿ. ಹಳಿಯನ್ನು ಬ್ಲಾಕ್ ಬ್ಲಾಕ್ ಆಗಿ ಭಾಗ ಮಾಡಿರುತ್ತಾರೆ. ಒಂದು ಬ್ಲಾಕಲ್ಲಿ ಒಂದೇ ಗಾಡಿ. ಮುಂದಿನ ಬ್ಲಾಕ್ ಖಾಲಿಯಾಗದಿದ್ದರೆ ಹಿಂದಿನ ಗಾಡಿಯನ್ನು ಕಂಪ್ಯೂಟರ್ ತಡೆಯುತ್ತದೆ. ಕ್ಯಾತ್ಸಂದ್ರ ಸ್ಟೇಷನ್ನಿನ ಸಿಗ್ನಲ್ ಥರ ಅಂದರೆ ಅಪ್ಪನಿಗೆ ತಕ್ಷಣ ಗೊತ್ತಾಗುತ್ತೆ. ಆವತ್ತೂ ಕಂಪ್ಯೂಟರ್ ಸರಿಯಾಗೇ ತಡೆದಿತ್ತು. ಪರೀಕ್ಷೆಗೆ ಬಿಟ್ಟ ಖಾಲಿ ಗಾಡಿ ಅರ್ಧದಲ್ಲೇ ನಿಂತಿದ್ದು ಇಂಜಿನಿಯರುಗಳಿಗೆ ಗೊತ್ತಿರಲಿಲ್ಲ. ಕಂಪ್ಯೂಟರೇ ಕೆಟ್ಟಿದೆ ಅಂದುಕೊಂಡು ಆ ತಡೆ ತೆಗೆದು ಗಾಡಿ ಬಿಟ್ಟರು. ಗಾಳಿ ಬೇರೆ ಜೋರಿತ್ತು. ಇಷ್ಟಾದರೂ ಕೋರ್ಟು ತಪ್ಪು ಹೊರಿಸಿದ್ದು ಆ ಕೆಲಸಗಾರರ ಮೇಲಲ್ಲ. ಹೇಗೆ ಕೆಲಸ ಮಾಡಬೇಕು, ಯಾರು ಯಾರಿಗೆ ಹೇಳಬೇಕು ಅನ್ನೋದನ್ನು ನೆಟ್ಟಗೆ ಗೊತ್ತುಮಾಡದ ಕಂಪನಿ ಮೇಲೆ. ಕಂಪನಿಯೂ ತಪ್ಪೊಪ್ಪಿಕೊಂಡಿತು.

ಇದೆಲ್ಲ ಬಯಲಿಗೆ ಬಂದಾಗ ಮೊದಲಿನಷ್ಟು ಗದ್ದಲವೇ ಇರಲಿಲ್ಲ. ಓನರಮ್ಮನಿಗೆ ಹೇಳಿದರೆ “ಓ, ಹೌದಾ” ಅಂದರು, ಅಷ್ಟೇ.

ಅಮ್ಮ, “ಆ ಹುಡುಗೀರ ಮದುವೆ ಗತಿ ಏನು” ಅಂತ ಕೇಳಿದೆಯಲ್ಲ. ಇಬ್ಬರೂ ಕೃತಕ ಕಾಲು ಹಾಕಿಕೊಂಡು ನಡೆಯುತ್ತಿದ್ದಾರೆ. ಮದುವೆ ಅವರವರ ಇಷ್ಟ. ನಿನಗೆ ಆ ಚಿಂತೆ ಬೇಡ.

ತಮ್ಮನಿಗೆ ಹೇಳಿ, ಸ್ಮೈಲರ್ ಮಾರ್ಚ್‌ನಿಂದ ಮತ್ತೆ ಓಡ್ತಿದೆ. ಶುರುವಾದ ದಿನವೇ ಕ್ಯೂ ಇತ್ತು. ಇಲ್ಲಿಗೆ ಬಂದಾಗ ಹತ್ತಲೇಬೇಕು ಅಂದರೆ ಹತ್ತಲಿ, ನಾನು ತಡೆಯಲ್ಲ. ನನಗೆ ಜಾಸ್ತಿ ಭಯ ಅವನು ಶಿವರಾತ್ರಿಗೆ ಮಕ್ಕಳನ್ನು ಸಿದ್ಧಗಂಗೆ ಜಾತ್ರೆಯ ಜಯಂಟ್ ವೀಲ್‌ಗೆ ಕೂರಿಸೋದು. ಕೂರಿಸೋ ಮುಂಚೆ ಸುಮ್ನೆ ಎರಡು ಸುತ್ತು ನಿಂತು ನೋಡಲಿ. ಮಕ್ಕಳು ಕೂತ ಮೇಲೆ ಸರಪಳಿ ಹಾಕಿದೆಯಾ ಅಂತ ಯಾರಾದರೂ ಕೈಯಿಟ್ಟು ನೋಡ್ತಾರಾ? ಗಾಳಿ ಬಂದರೆ ನಿಲ್ಲಿಸು ಅನ್ನೋ ಅಧಿಕಾರ ಯಾರಿಗಿದೆ ಅಂತ ಕೇಳಲಿ. ಉತ್ತರ ಬರದಿದ್ದರೆ ಮಕ್ಕಳಿಗೆ ಬತ್ತಾಸು ಕೊಡಿಸಿ ಮನೆಗೆ ಕರೆದುಕೊಂಡು ಬರಲಿ.

ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ. ದಸರಾ ಬೊಂಬೆಯ ಫೋಟೋ ಕಳಿಸಿ.

ಇತಿ ನಿಮ್ಮ ಮಗಳು,
ಶೋಭಾ