ನಿಲ್ಲಿಸಿ ತೆಗೆಯಬೇಕಾದ ಎದೆಯ ಎಕ್ಸ್‌ರೇ ಮಲಗಿಸಿ ತೆಗೆದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಡಯಾಗ್ನೋಸ್ಟಿಕ್ ಸೆಂಟರ್

ಮಾನ್ಯರೇ,

ಅಪ್ಪನ ಹರ್ನಿಯಾ ಆಪರೇಷನ್‌ಗೆ ಮುಂಚೆ ಎದೆಯ ಎಕ್ಸ್‌ರೇ ಬೇಕಿತ್ತು. ಕಳೆದ ಸೋಮವಾರ ನಿಮ್ಮಲ್ಲಿಗೆ ಕರೆತಂದಿದ್ದೆ. ಡಾಕ್ಟರು ಚೀಟಿಯಲ್ಲಿ ‘ಚೆಸ್ಟ್ ಪಿಎ’, ಅಂದರೆ ನಿಲ್ಲಿಸಿ ಬೆನ್ನ ಕಡೆಯಿಂದ ತೆಗೆಯುವ ಎದೆಯ ಎಕ್ಸ್‌ರೇ, ಎಂದು ಬರೆದಿದ್ದರು. ಅಪ್ಪನಿಗೆ ಎಪ್ಪತ್ತು ದಾಟಿದೆ, ಆದರೂ ನಿಮ್ಮ ಮೊದಲ ಮಹಡಿಗೆ ಮೆಟ್ಟಿಲು ಹತ್ತಿಯೇ ಬಂದರು. ಅಂಥವರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಎಕ್ಸ್‌ರೇ ತೆಗೆದಿದ್ದಾರೆ. ಗೋಡೆಯ ಸ್ಟ್ಯಾಂಡ್ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ‘ನಿಲ್ಲಿಸಿ ತೆಗೆಯಲ್ವಾ?’ ಎಂದು ಕೇಳಿದ್ದಕ್ಕೆ ಟೆಕ್ನಿಷಿಯನ್, ‘ಎರಡೂ ಒಂದೇ ಮೇಡಂ, ಇದು ಬೇಗ ಆಗುತ್ತೆ’ ಎಂದರು.

ರಿಪೋರ್ಟ್‌ನಲ್ಲಿ ಹೃದಯ ದೊಡ್ಡದಾಗಿದೆ, ಬಲ ಶ್ವಾಸಕೋಶದ ಕೆಳಭಾಗ ಮಸುಕಾಗಿದೆ ಎಂದು ಬಂತು. ಅರಿವಳಿಕೆ ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದರು. ಅಪ್ಪ ಊಟ ಬಿಟ್ಟು ಕೂತರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು, ನಾರ್ಮಲ್. ಬೇರೆ ಕಡೆ ನಿಲ್ಲಿಸಿ ತೆಗೆಸಿದ ಎಕ್ಸ್‌ರೇಯೂ ಸರಿಯಾಗಿದೆ.

ನಮ್ಮ ಡಾಕ್ಟರು ಎರಡೂ ಫಿಲ್ಮ್‌ಗಳನ್ನು ಲೈಟ್ ಬಾಕ್ಸ್ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದರು. ಪಿಎ ಅಂದರೆ ರೋಗಿ ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಬೇಕು, ಕಿರಣ ಬೆನ್ನ ಕಡೆಯಿಂದ ಸುಮಾರು 180 ಸೆಂಟಿಮೀಟರ್ ದೂರದಿಂದ ಬರಬೇಕು. ಹೃದಯ ಎದೆಯ ಮುಂಭಾಗಕ್ಕೆ ಹತ್ತಿರ ಇರುವುದರಿಂದ ಆಗ ಅದರ ಅಳತೆ ಹೆಚ್ಚುಕಡಿಮೆ ಸರಿಯಾಗಿ ಬೀಳುತ್ತದೆ. ಅಂಗಾತ ಮಲಗಿಸಿದರೆ ಹೃದಯ ಪ್ಲೇಟಿನಿಂದ ದೂರವಾಗುತ್ತದೆ, ಟ್ಯೂಬ್ ಹತ್ತಿರವಾಗುತ್ತದೆ. ಬುಡ್ಡಿದೀಪದ ಹತ್ತಿರ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ದೊಡ್ಡದಾಗಲ್ವಾ, ಹಾಗೆ. ಉಸಿರು ಪೂರ್ತಿ ಎಳೆದು ಹಿಡಿದಿದ್ದರೆ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ಮೇಲೆ ಬೆನ್ನ ಕಡೆಯ 9–10 ಪಕ್ಕೆಲುಬು ಎಣಿಸಬಹುದಂತೆ. ನಿಮ್ಮ ಫಿಲ್ಮ್‌ನಲ್ಲಿ ಏಳೇ ಇದ್ದವು. ‘ಉಸಿರು ಹಿಡಿ ಅಂತ ಯಾರೂ ಹೇಳಲಿಲ್ಲ’ ಎಂದು ಅಪ್ಪ ಹೇಳುತ್ತಾರೆ. ಮೈ ಒಂದು ಕಡೆ ವಾಲಿದ್ದರಿಂದ ಕತ್ತಿನ ಬುಡದ ಎರಡು ಮೂಳೆಗಳ ತುದಿಯೂ ಬೆನ್ನುಮೂಳೆಯಿಂದ ಸಮದೂರದಲ್ಲಿಲ್ಲ.

ಎದ್ದು ನಿಲ್ಲಲಾಗದವರಿಗೆ ಮಲಗಿಸಿಯೇ ತೆಗೆಯಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಗ ಫಿಲ್ಮ್ ಮೇಲೆ ‘ಎಪಿ, ಮಲಗಿದ ಸ್ಥಿತಿ’ ಎಂದು ಗುರುತು ಹಾಕಬೇಕು (ಎಪಿ ಅಂದರೆ ಕಿರಣ ಎದೆಯ ಕಡೆಯಿಂದ ಬಂದದ್ದು). ನಿಮ್ಮದರಲ್ಲಿ ಅದೂ ಇಲ್ಲ. ಮಲಗಿಸಿದ್ದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ. ರಿಪೋರ್ಟ್ ಬರೆಯುವವರು ಎಕ್ಸ್‌ರೇ ರೂಮಿನಲ್ಲಿ ಇರುವುದಿಲ್ಲ. ಗುರುತಿಲ್ಲದ ಫಿಲ್ಮನ್ನು ಅವರು ಪಿಎ ಎಂದೇ ಓದಿದ್ದಾರೆ.

ಆ ಸ್ಟ್ಯಾಂಡ್ ಮುಂದಿನ ಪೆಟ್ಟಿಗೆಗಳನ್ನು ಇವತ್ತೇ ತೆಗೆಸಿ. ಆ ಟೆಕ್ನಿಷಿಯನ್ನನ್ನು ಬೈದು ಸುಮ್ಮನಾಗಬೇಡಿ, ಸರಿಯಾಗಿ ಹೇಳಿಕೊಡಿ. ಫಿಲ್ಮ್ ಮಲಗಿಸಿ ತೆಗೆದದ್ದು ಎಂದು ನಮೂದಿಸಿ ತಿದ್ದಿದ ರಿಪೋರ್ಟನ್ನು ಬರಹದಲ್ಲಿ ಕೊಡಿ. ನಿಮ್ಮ ಎಕ್ಸ್‌ರೇ ಶುಲ್ಕ, ಎಕೋ ಮತ್ತು ಎರಡನೇ ಎಕ್ಸ್‌ರೇ ಖರ್ಚು ವಾಪಸ್ ಬೇಕು. ಬಿಲ್‌ಗಳನ್ನು ಲಗತ್ತಿಸಿದ್ದೇನೆ. 15 ದಿನದಲ್ಲಿ ಉತ್ತರ ಬಾರದಿದ್ದರೆ ಎರಡೂ ಫಿಲ್ಮ್‌ಗಳೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ.

ಇಂತಿ,
ರೋಗಿಯ ಮಗಳು